ಕೆಒಟಿ ಚೀಟಿಗೆ ದಪ್ಪ ಮಾನೋಸ್ಪೇಸ್ ಫಾಂಟ್: 12 ಚುಕ್ಕಿಯ ಲೆಕ್ಕ

ಮುಂಬೈಯ ಮಾಟುಂಗಾ ಕಡೆಯ ಉಡುಪಿ ಹೋಟೆಲುಗಳಲ್ಲಿ ಅಡುಗೆಮನೆಗೆ ಹೋಗುವ ಕೆಒಟಿ (ಕಿಚನ್ ಆರ್ಡರ್ ಟಿಕೆಟ್) ಚೀಟಿಯನ್ನು ಯಾರೂ ಕೈಯಲ್ಲಿ ಹಿಡಿದು ಓದುವುದಿಲ್ಲ. ಕ್ಲಿಪ್ಪಿಗೆ ಸಿಕ್ಕಿಸಿದ ಚೀಟಿಯನ್ನು ಭಟ್ಟರು ತವಾದ ಮುಂದೆ ನಿಂತೇ, ಹಬೆಯ ನಡುವೆ ನೋಡುತ್ತಾರೆ. 6 ಮತ್ತು 8 ಒಂದೇ ಥರ ಕಂಡರೆ ದೋಸೆ ಇನ್ನೊಂದು ಟೇಬಲ್ಲಿಗೆ ಹೋಯಿತು. ಅಂಥ ಚೀಟಿಗೆ, ಜೊತೆಗೆ ಬಿಲ್ಲಿಗೆ ಎಂದೇ ಮಾಡಿದ ಮಾನೋಸ್ಪೇಸ್ (ಎಲ್ಲ ಅಕ್ಷರಕ್ಕೂ ಒಂದೇ ಅಗಲದ) ಫಾಂಟ್ ಇದು.

58 ಮಿ.ಮೀ. ಕಾಗದದ ಥರ್ಮಲ್ (ಬಿಸಿಯಿಂದ ಚುಕ್ಕಿ ಮೂಡಿಸುವ) ಪ್ರಿಂಟರ್ ಸಾಮಾನ್ಯವಾಗಿ 48 ಮಿ.ಮೀ. ಅಗಲಕ್ಕೆ ಮಾತ್ರ ಅಚ್ಚು ಹಾಕುತ್ತದೆ. ಮಿ.ಮೀ.ಗೆ 8 ಚುಕ್ಕಿಯಂತೆ ಸಾಲಿಗೆ 384 ಚುಕ್ಕಿ. ಅಕ್ಷರಕ್ಕೆ 12 ಚುಕ್ಕಿ ಕೊಟ್ಟರೆ 32 ಅಕ್ಷರ. ಬಿಲ್ಲಿನಲ್ಲಿ ನಾನು ಐಟಂಗೆ 18, ನಗಕ್ಕೆ 4, ಮೊತ್ತಕ್ಕೆ 10 ಎಂದು ಹಂಚುತ್ತೇನೆ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವುದರಿಂದ ಮೊತ್ತಗಳು ಒಂದರ ಕೆಳಗೊಂದು ನೆಟ್ಟಗೆ ನಿಲ್ಲುತ್ತವೆ.

ಪ್ರಿಂಟರಿನೊಳಗೇ ಇರುವ ಬೋಲ್ಡ್ ಸಾಕಲ್ಲವೇ? ಸಾಲದು. ಅದು ಹೆಚ್ಚಾಗಿ ಅದೇ ಅಕ್ಷರವನ್ನು ಒಂದು ಚುಕ್ಕಿ ಬಲಕ್ಕೆ ಸರಿಸಿ ಮತ್ತೆ ಒತ್ತುತ್ತದೆ, ಅಷ್ಟೆ. ಕಪ್ಪು ಹೆಚ್ಚುತ್ತದೆ, ಒಳಗಿನ ಬಿಳಿ ಮುಚ್ಚಿಕೊಳ್ಳುತ್ತದೆ. ದಪ್ಪ ಫಾಂಟ್ ಬರೆಯುವಾಗ ಮೊದಲು ಎಣಿಸಬೇಕಾದದ್ದು ಆ ಬಿಳಿಯನ್ನೇ. ಬಿಸಿಗೆ ಕಪ್ಪು ಸ್ವಲ್ಪ ಹರಡುವುದರಿಂದ ಒಂದೇ ಚುಕ್ಕಿಯ ಬಿಳಿ ಕಾಗದದ ಮೇಲೆ ಉಳಿಯುವ ಭರವಸೆ ಇಲ್ಲ. ಎಲ್ಲಿಯೂ 2 ಚುಕ್ಕಿಗಿಂತ ಕಡಿಮೆ ಬಿಳಿ ಬಿಡಬೇಡಿ.

ಫಾಂಟ್ ಬರೆಯುವ ಎಡಿಟರಿನಲ್ಲಿ ಫಾಂಟಿನ ಪೂರ್ಣ ಗಾತ್ರ 1000 ಯೂನಿಟ್, ಪ್ರತಿ ಅಕ್ಷರದ ಅಗಲ 600. ಇದನ್ನು 20 ಪಿಕ್ಸೆಲ್ ಗಾತ್ರದಲ್ಲಿ ಹಾಕಿದರೆ ಸರಿಯಾಗಿ 12 ಚುಕ್ಕಿ, ಅಂದರೆ ಚುಕ್ಕಿಗೆ 50 ಯೂನಿಟ್. ಎಡಿಟರಿನಲ್ಲಿ ಗ್ರಿಡ್ 50ಕ್ಕೆ ಇಟ್ಟು ಎಲ್ಲವನ್ನೂ ಅದಕ್ಕೇ ಕೂರಿಸಬೇಕು. 22 ಪಿಕ್ಸೆಲ್ ಕೊಟ್ಟರೆ ಅಗಲ 13.2 ಆಗಿ ಗೆರೆಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಬೀಳುತ್ತವೆ. ದೊಡ್ಡದು ಬೇಕಿದ್ದರೆ ನೇರ ಎರಡು ಪಟ್ಟು, 40ಕ್ಕೆ ಹೋಗಿ. ಅಂಚಿನ ಬೂದು ನುಣುಪನ್ನೂ ಆಫ್ ಮಾಡಿ. ಈ ಪ್ರಿಂಟರಿಗೆ ಗೊತ್ತಿರುವುದು ಕಪ್ಪು, ಬಿಳಿ ಎರಡೇ.

ನಿಂತ ಗೆರೆಗೆ 3 ಚುಕ್ಕಿ, ಅಡ್ಡ ಗೆರೆಗೆ 2. ಎರಡೂ ಕಡೆ ಒಂದೊಂದು ಚುಕ್ಕಿ ಖಾಲಿ ಬಿಟ್ಟರೆ ಉಳಿಯುವುದು 10. ಇಂಗ್ಲಿಷಿನ ಚಿಕ್ಕ ಎನ್‌ಗೆ 3 ಕಪ್ಪು, 4 ಬಿಳಿ, 3 ಕಪ್ಪು: ಆರಾಮ. ತಕರಾರು ಎಮ್‌ನದು. ಮೂರು ನಿಂತ ಗೆರೆಗೇ 9 ಹೋದರೆ ಎರಡು ಬಿಳಿಗೆ ಒಂದೇ ಚುಕ್ಕಿ. ಹಾಗಾಗಿ ಎಮ್‌ನಲ್ಲಿ ಮಾತ್ರ ಗೆರೆಯನ್ನು ಇಳಿಸಿ 2-2-2-2-2 ಮಾಡಬೇಕು. ಪಕ್ಕದ ಎನ್‌ಗಿಂತ ಅದು ತೆಳ್ಳಗೆ ಕಾಣುವುದಿಲ್ಲ; ಗೆರೆ ಮೂರಿರುವುದರಿಂದ ಒಟ್ಟು ಕಪ್ಪು ಸಮನಾಗಿಬಿಡುತ್ತದೆ. ಇದಕ್ಕೆ ತದ್ವಿರುದ್ಧ ಐ ಮತ್ತು ಎಲ್. ಒಂದೇ ಗೆರೆಯ ಇವಕ್ಕೆ ಬುಡದಲ್ಲಿ 8 ಚುಕ್ಕಿಯ ಪಟ್ಟಿ ಕೊಡದಿದ್ದರೆ ಪದದ ನಡುವೆ ಹಲ್ಲು ಬಿದ್ದಂತೆ ಕಾಣುತ್ತದೆ.

ಅಂಕಿಯ ಎತ್ತರ 14 ಚುಕ್ಕಿ. ಮೂರು ಅಡ್ಡ ಗೆರೆಗೆ 6 ಕಳೆದರೆ 8 ಬಿಳಿ. ಅಂಕಿ 8ರಲ್ಲಿ ಈ ಬಿಳಿ ಮೇಲೆ 3, ಕೆಳಗೆ 5. 6ರಲ್ಲಿ ಎರಡೂ ಕಡೆ 4. ಜೊತೆಗೆ 6ರ ಮೇಲಿನ ತುದಿಯನ್ನು ಒಂದು ಚುಕ್ಕಿ ಹಿಂದಕ್ಕೆಳೆದರೆ ಬಲಗಡೆಯ ಬಾಯಿ ದೂರಕ್ಕೂ ತೆರೆದೇ ಕಾಣುತ್ತದೆ. 1ಕ್ಕೆ ಪಾದ ಇರಲಿ, 7ಕ್ಕೆ ಬೇಡ. ಸೊನ್ನೆಯೊಳಗೆ ಓರೆಗೆರೆ ಹಾಕುವ ಚಾಳಿ ಕೋಡ್ ಬರೆಯುವವರಿಗೆ ಸರಿ. ಬಿಲ್ಲಿನಲ್ಲಿ ₹100 ಎಂಬುದು ₹188 ಆಗಿ ಕಂಡರೆ ಗಿರಾಕಿ ಗಲ್ಲಾದ ಮುಂದೆ ಬಂದು ನಿಲ್ಲುತ್ತಾನೆ. ಅಂದಹಾಗೆ, ಈ ₹ ಚಿಹ್ನೆ ಇದೇ ಊರಿನ ಐಐಟಿ ಬಾಂಬೆಯಲ್ಲಿ ಓದಿದ ಡಿ. ಉದಯ ಕುಮಾರ್ ಅವರದು, 2010ರಲ್ಲಿ ಸರ್ಕಾರ ಒಪ್ಪಿಕೊಂಡದ್ದು. ಅದರ ತಲೆಯ ಎರಡು ಪಟ್ಟಿಗೆ 2, ನಡುವೆ 2 ಬಿಳಿ, ಮತ್ತೆ 2. ಉಳಿದ 8ರಲ್ಲಿ ಹೊಟ್ಟೆ ಮುಗಿದು ಕಾಲು ಇಳಿಯಬೇಕು.

ಕನ್ನಡ 12 ಚುಕ್ಕಿಯಲ್ಲಿ ಆಗುವ ಮಾತಲ್ಲ. ಒಂದು ಅಕ್ಷರಕ್ಕೆ ಎರಡು ಮನೆ, ಅಂದರೆ 24 ಚುಕ್ಕಿ. ದೋ, ಕೋ ಥರದವಕ್ಕೆ ಮೂರು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಅದಕ್ಕೆ ಮನೆ ಬೇಡ, ಆದರೆ ಸಾಲಿನ ಎತ್ತರ 24ರಿಂದ 40ಕ್ಕೆ ಏರಬೇಕು. ಈ ಲೆಕ್ಕದಲ್ಲಿ ‘ಮಸಾಲೆ ದೋಸೆ’ 12 ಮನೆ. 18ರೊಳಗೆ ಸಲೀಸಾಗಿ ಕೂರುತ್ತದೆ. ದಪ್ಪ ಮಾಡಿದಾಗ ಮೊದಲು ಕೈಕೊಡುವುದು ದ, ಥ, ಧ. ಥದ ಚುಕ್ಕಿ ಸುತ್ತಲೂ ಎರಡು ಬಿಳಿ ಉಳಿಯುವಂತೆ ಹೊಟ್ಟೆಯ ಗೆರೆಯನ್ನೇ ತೆಳುಮಾಡಬೇಕು.

ಬಿಲ್ಲಿಂಗ್ ತಂತ್ರಾಂಶ ಇನ್ನೊಂದು ಕಡೆ ಎಡವುತ್ತದೆ. ‘ಇಡ್ಲಿ’ ಕಣ್ಣಿಗೆ ಎರಡಕ್ಷರ, ನಮ್ಮ ಲೆಕ್ಕದಲ್ಲಿ 4 ಮನೆ, ಕಂಪ್ಯೂಟರು ಅಕ್ಷರ ಉಳಿಸುವ ಯೂನಿಕೋಡ್ ಸಂಕೇತದಲ್ಲಿ ಇ, ಡ, ವಿರಾಮ (ಡ್ ಮಾಡುವ ಗುರುತು), ಲ, ಇಕಾರ ಸೇರಿ 5. ಆ ಐದನ್ನು ಎಣಿಸಿ ಖಾಲಿ ಜಾಗ ತುಂಬಿದರೆ ಮೊತ್ತ ಸಾಲು ತಪ್ಪುತ್ತದೆ. ಕನ್ನಡದ ಸಾಲನ್ನು ಚಿತ್ರವಾಗಿ ಕಳಿಸಿ, ಮೊತ್ತವನ್ನು ಬಲದ 384ನೇ ಚುಕ್ಕಿಗೆ ತಾಗಿಸಿ ಬರೆಯಿಸಿ.

ಫಾಂಟ್ ಹೊರತೆಗೆಯುವ ಮುನ್ನ ಫಾಂಟ್ ಕಡತದೊಳಗಿನ ‘ಪೋಸ್ಟ್’ ಎಂಬ ಮಾಹಿತಿ ಟೇಬಲ್ಲಿನಲ್ಲಿ ಫಿಕ್ಸೆಡ್ ಪಿಚ್ (ಒಂದೇ ಅಗಲ) ಆನ್ ಮಾಡಿ, ವೇಯ್ಟ್ (ದಪ್ಪದ ಮಟ್ಟ) 700 ಕೊಟ್ಟು ಶೈಲಿಯನ್ನು ಬೋಲ್ಡ್ ಎಂದೇ ಗುರುತಿಸಿ. ಇಲ್ಲವಾದರೆ ಕೆಲವು ತಂತ್ರಾಂಶ ದಪ್ಪದ ಮೇಲೆ ಇನ್ನೊಂದು ದಪ್ಪ ಬಳಿಯುತ್ತದೆ. ಕರ್ನಿಂಗ್, ಅಂದರೆ ಜೋಡಿ ಅಕ್ಷರಗಳ ನಡುವಿನ ಅಂತರ ಹೊಂದಿಸುವುದು, ಬೇಡವೇ ಬೇಡ. ಪ್ರಿಂಟರಿನ ಡೆನ್ಸಿಟಿಯನ್ನು (ಅಚ್ಚಿನ ಕಪ್ಪಿನ ಮಟ್ಟವನ್ನು) ಕೆಳಗಿನ ಮಟ್ಟದಿಂದ ಒಂದೊಂದೇ ಏರಿಸುತ್ತ 6, 8, 3, 5 ಮತ್ತು ಥ ಇರುವ ಸಾಲು ತೆಗೆಯಿರಿ. ಥದ ಚುಕ್ಕಿ ಅಂಟಿಕೊಂಡ ಮಟ್ಟದಿಂದ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ, ಬೇರೆ ಕಂಪನಿಯ ರೋಲ್ ಹಾಕಿದಾಗ ಮತ್ತೊಮ್ಮೆ ನೋಡಿಕೊಳ್ಳಿ.