ನಿದ್ದೆ ಬೇಡ ಅನ್ನಿಸಿದ ದಿನ ಏನು ಮಾಡಬೇಕು

ಹಾಸನದ ಸಾಲಗಾಮೆ ರಸ್ತೆ ಕಡೆ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ, ಕುಚ್ಚು ಕಟ್ಟುತ್ತೇನೆ. ನನಗೆ ಬೈಪೋಲಾರ್ ಕಾಯಿಲೆ ಇದೆ ಎಂದು ಗೊತ್ತಾಗಿ ಒಂಬತ್ತು ವರ್ಷ ಆಯಿತು. ಇದರಲ್ಲಿ ಮನಸ್ಸು ಕೆಲವು ಕಾಲ ತೀರಾ ಕುಸಿಯುತ್ತದೆ, ಕೆಲವು ಕಾಲ ಮಿತಿ ಮೀರಿ ಏರುತ್ತದೆ. ಮನಸ್ಸು ಕುಸಿದಾಗ ಏನು ಮಾಡಬೇಕು ಎಂದು ಹೇಳುವವರು ಸುಮಾರು ಜನ ಸಿಗುತ್ತಾರೆ. ಮನಸ್ಸು ಏರುವಾಗ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನೇ ಬರೆಯುತ್ತಿದ್ದೇನೆ. ಈ ಕಾಯಿಲೆ ಇರುವವರಿಗೂ, ಅವರ ಜೊತೆ ಇರುವವರಿಗೂ.

ಏರುವಾಗ ಅದು ಕಾಯಿಲೆ ಅನ್ನಿಸುವುದೇ ಇಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತದೆ, ಮೈ ಹಗುರ, ಸುಸ್ತಿಲ್ಲ. ಒಂದು ಬ್ಲೌಸ್ ಕತ್ತರಿಸುವಷ್ಟರಲ್ಲಿ ಹತ್ತು ಡಿಸೈನ್ ಹೊಳೆಯುತ್ತದೆ. ಅಂಗಡಿಗೆ ಬಂದವರು "ಏನಕ್ಕಾ, ಮುಖದಲ್ಲಿ ಕಳೆ ಬಂದಿದೆ" ಅನ್ನುತ್ತಾರೆ. ಆ ಹೊತ್ತಲ್ಲಿ ನನಗೆ ಹೇಗನ್ನಿಸುತ್ತಿದೆ ಎಂದು ನನ್ನನ್ನೇ ಕೇಳಿಕೊಂಡರೆ ಉಪಯೋಗ ಇಲ್ಲ. ಚೆನ್ನಾಗಿದ್ದೀನಿ ಎಂದೇ ಉತ್ತರ ಬರುತ್ತದೆ. ಅದಕ್ಕೇ ಎಣಿಸಿ ನೋಡಲು ಬರುವ ಗುರುತು ಬೇಕು.

ನನ್ನ ಗುರುತು ಆರ್ಡರ್ ಪುಸ್ತಕ. ಲೈನಿಂಗ್ ಹಾಕಿದ ಬ್ಲೌಸ್ ದಿನಕ್ಕೆ ಮೂರು ಹೊಲಿಯುವುದು ನನ್ನ ಶಕ್ತಿ. ಆಸ್ಪತ್ರೆಯಿಂದ ಬಂದ ಮೇಲೆ ಹಳೆಯ ಪುಸ್ತಕ ತೆಗೆದು ನೋಡಿದೆ. ಕಾಯಿಲೆ ಏರಿದ ವಾರ ಒಂದೇ ದಿನ 26 ಬ್ಲೌಸ್ ಒಪ್ಪಿಕೊಂಡಿದ್ದೆ, ಎಲ್ಲವನ್ನೂ ನಾಲ್ಕು ದಿನದಲ್ಲಿ ಕೊಡುತ್ತೇನೆ ಎಂದು. ಅಕ್ಷರ ಪುಟದಿಂದ ಪುಟಕ್ಕೆ ದೊಡ್ಡದಾಗುತ್ತಾ ಹೋಗಿತ್ತು. ಅಳತೆ ಬರೆಯುವ ಜಾಗದಲ್ಲಿ ಎನ್.ಆರ್. ವೃತ್ತದ ಹತ್ತಿರ ತೆರೆಯಬೇಕೆಂದಿದ್ದ ದೊಡ್ಡ ಅಂಗಡಿಯ ಬಾಡಿಗೆ ಲೆಕ್ಕ ಇತ್ತು. ಮುಖದಲ್ಲಿ ಕಳೆ ಕಂಡವರಿಗೆ ಕಾಣದ್ದು ಆ ಪುಟದಲ್ಲಿತ್ತು. ನಿಮ್ಮ ಕೆಲಸದಲ್ಲೂ ಇಂಥದ್ದೊಂದು ಇರುತ್ತದೆ, ಹುಡುಕಿ. ಫೋನ್‌ಪೇಯಲ್ಲಿ ಹಣ ಹೋದ ಪಟ್ಟಿ ಇರಬಹುದು, ನಡುರಾತ್ರಿ ಕಳಿಸಿದ ವಾಯ್ಸ್ ಮೆಸೇಜ್ ಇರಬಹುದು.

ಎಲ್ಲರಿಗೂ ಆಗುವ ಗುರುತು ಒಂದಿದೆ, ಅದು ನಿದ್ದೆ. ಕ್ಯಾಲೆಂಡರಿನ ಚೌಕದಲ್ಲಿ ಪ್ರತಿ ದಿನ ಎಷ್ಟು ಗಂಟೆ ಮಲಗಿದೆ ಎಂದು ಬರೆಯಿರಿ. ಚಿಂತೆಯಿಂದ ನಿದ್ದೆ ಬರದಿದ್ದರೆ ಮರುದಿನ ಕಣ್ಣು ಉರಿಯುತ್ತದೆ, ತಲೆ ಭಾರ. ಏರುವಾಗ ಹಾಗಲ್ಲ. ಮೂರು ಗಂಟೆ ಮಲಗಿದರೂ ಮೈ ಚುರುಕು. ಈ ವ್ಯತ್ಯಾಸ ಮನೆಯವರಿಗೂ ತಿಳಿದಿರಬೇಕು. ಜೊತೆಗೆ ಮಾತು ಜಾಸ್ತಿ, ಖರ್ಚು ಜಾಸ್ತಿ, ಸಣ್ಣದಕ್ಕೂ ಸಿಡುಕು. ಇಂಥ ಸ್ಥಿತಿ ನಾಲ್ಕು ದಿನವಾದರೂ ಇದ್ದು, ಕೆಲಸ, ಸಂಸಾರ ಹೇಗೋ ನಡೆದುಕೊಂಡು ಹೋಗುತ್ತಿದ್ದರೆ ಡಾಕ್ಟರುಗಳು ಅದನ್ನು ಹೈಪೋಮೇನಿಯಾ ಅನ್ನುತ್ತಾರೆ. ವಾರ ದಾಟಿ, ಬದುಕೇ ಅಸ್ತವ್ಯಸ್ತ ಆದರೆ ಮೇನಿಯಾ. ಆಸ್ಪತ್ರೆಗೆ ಸೇರಿಸುವಷ್ಟು ಜೋರಾದರೆ ವಾರವೂ ಬೇಕಿಲ್ಲ. ನಾನಂತೂ ನಾಲ್ಕು ದಿನವೂ ಕಾಯುವುದಿಲ್ಲ.

ಕಾಯದಿರಲು ಕಾರಣ ಇದೆ. ಹಾಸನಾಂಬೆಯ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಹಿಂದೆಯೇ ದೀಪಾವಳಿ. ನನಗೆ ಅದು ಬಟ್ಟೆ ರಾಶಿ ಬೀಳುವ ಕಾಲ. ನಾನು ಆಸ್ಪತ್ರೆ ಸೇರಿದ ವರ್ಷ ಅದಕ್ಕೆ ಸ್ವಲ್ಪ ಮುಂಚೆ ಮನಸ್ಸು ತುಂಬಾ ಕುಸಿದಿತ್ತು. ಒಬ್ಬ ಡಾಕ್ಟರು ಖಿನ್ನತೆ ಎಂದು ಅದಕ್ಕೆ ಮಾತ್ರ ಮಾತ್ರೆ ಕೊಟ್ಟಿದ್ದರು. ಬೈಪೋಲಾರ್ ಇರುವವರಿಗೆ ಆ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಮೇಲಕ್ಕೆ ಹಾರಬಹುದು ಎಂದು ನನಗೆ ಆಗ ಗೊತ್ತಿರಲಿಲ್ಲ. ಹಿಂದೆ ಎಂದಾದರೂ ನಿದ್ದೆಯಿಲ್ಲದೆ ಹುರುಪಿನಲ್ಲಿ ಓಡಾಡಿದ ದಿನಗಳಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಎರಡು ರಾತ್ರಿ ಮಷಿನ್ ಮುಂದೆ ಕೂತೆ. ಮೂರನೇ ರಾತ್ರಿ ದರ್ಶನದ ಸಾಲಿನಲ್ಲಿ ನಿಂತೆ. ಬೆಳಗಾಗುವಷ್ಟರಲ್ಲಿ ತಾಯಿ ನನ್ನೊಬ್ಬಳ ಜೊತೆಯೇ ಮಾತಾಡಿದಳು ಎಂದು ನಂಬಿದ್ದೆ. ಆ ವಾರದಲ್ಲಿ ಚೀಟಿ ಎತ್ತಿದ ದುಡ್ಡು ಅಷ್ಟೂ ಖಾಲಿ ಮಾಡಿ ಮೂರು ಮಷಿನ್ ತಂದೆ. ಫಾಲ್ಸ್‌ಗೆ ಕೊಟ್ಟಿದ್ದ ಯಾರದೋ ರೇಷ್ಮೆ ಸೀರೆಯನ್ನು ದಾರಿಯಲ್ಲಿ ಸಿಕ್ಕ ಹೆಂಗಸಿಗೆ ಉಡಿ ತುಂಬಿ ಕೊಟ್ಟೆ. ಅಮ್ಮ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ನನ್ನ ತಂಗಿ ಹೊಳೆನರಸೀಪುರದಿಂದ ಬಂದು, ಯಾರ ಮಾತೂ ಕೇಳದೆ ಆಸ್ಪತ್ರೆಗೆ ಸೇರಿಸಿದಳು.

ಈಗ ವಿಧಾನಕ್ಕೆ ಬರುತ್ತೇನೆ. ಚೆನ್ನಾಗಿರುವಾಗಲೇ ಒಂದು ಹಾಳೆ ಬರೆದಿಡಿ. ಏರಿದ ಮೇಲೆ ಬರೆಯಲು ಆಗುವುದಿಲ್ಲ. ನನ್ನದು ಬೀರುವಿನ ಬಾಗಿಲ ಒಳಗೆ ಅಂಟಿಸಿದೆ, ಇನ್ನೊಂದು ತಂಗಿ ಹತ್ತಿರ ಇದೆ. ಅದರಲ್ಲಿ ಇರುವುದು ಇಷ್ಟು:

ರಾತ್ರಿ ಒಂಬತ್ತಕ್ಕೆ ಮಷಿನ್‌ಗೆ ಬಟ್ಟೆ ಮುಚ್ಚುವುದು, ಹಬ್ಬ ಇದ್ದರೂ.
ಐದು ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಸುಸ್ತಿಲ್ಲ. ಎರಡು ರಾತ್ರಿ ಹೀಗಾದರೆ ಮೂರನೇ ದಿನ ಡಾಕ್ಟರ ಹತ್ತಿರ. ನಾನು ಬೇಡ ಅಂದರೂ.
ದಿನಕ್ಕೆ ಆರು ಆರ್ಡರ್ ದಾಟಿದರೆ ಪುಸ್ತಕ ಮುಚ್ಚುವ ಹಕ್ಕು ಅಂಗಡಿಯ ಹುಡುಗಿಗೆ.
2,000 ರೂಪಾಯಿ ದಾಟಿದ ಖರ್ಚು ಎರಡು ರಾತ್ರಿ ನಿದ್ದೆ ಮಾಡಿದ ಮೇಲೆ.
ಒಂದರ ಜೊತೆ ಇನ್ನೊಂದು ಗುರುತೂ ಕಂಡ ದಿನ ಎಟಿಎಂ ಕಾರ್ಡ್, ಚೀಟಿ ಪುಸ್ತಕ ತಂಗಿ ಕೈಗೆ.

"ನಾನು ಬೇಡ ಅಂದರೂ" ಎಂಬ ಮಾತನ್ನು ನನ್ನ ಕೈಯಲ್ಲೇ ಬರೆದು ಸಹಿ ಹಾಕಿದ್ದೇನೆ. ಅದಿಲ್ಲದಿದ್ದರೆ ತಂಗಿಗೆ ಧೈರ್ಯ ಬರುತ್ತಿರಲಿಲ್ಲ. ಕಾನೂನಿನಲ್ಲೂ ಇಂಥದ್ದಕ್ಕೆ ಜಾಗ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ಹುಷಾರು ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಯಾರು ನಿಲ್ಲಬೇಕು ಎಂದು ಮೊದಲೇ ಬರೆದಿಡಬಹುದು. ಡಾಕ್ಟರನ್ನು ಕೇಳಿದರೆ ಹೇಗೆ ಎಂದು ಹೇಳುತ್ತಾರೆ.

ಮನೆಯವರಿಗೆ ಒಂದು ಮಾತು. "ನಿನಗೆ ತಲೆ ಕೆಟ್ಟಿದೆ" ಅನ್ನಬೇಡಿ, ವಾದಕ್ಕೂ ಇಳಿಯಬೇಡಿ. ನನ್ನ ತಂಗಿ ಕೇಳುವುದು ಒಂದೇ ಪ್ರಶ್ನೆ: "ಅಕ್ಕ, ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?" ಒಮ್ಮೆ ನಾನು "ನನ್ನ ಏಳಿಗೆ ಕಂಡರೆ ನಿನಗೆ ಆಗಲ್ಲ" ಎಂದು ಬೈದೆ. ಅವಳು ತಿರುಗಿ ಬೈಯಲಿಲ್ಲ. ಹಾಳೆ ತಂದು ಮುಂದಿಟ್ಟಳು, ಆಟೋ ಕರೆದಳು. ಹಾಗಂತ ನಾನು ಜೋರಾಗಿ ನಕ್ಕಾಗೆಲ್ಲ "ಮಾತ್ರೆ ತಗೊಂಡ್ಯಾ?" ಎಂದು ಕೇಳಿದರೆ ನೋವಾಗುತ್ತದೆ. ಮಗಳು ಪಿಯುಸಿ ಪಾಸಾದ ದಿನ ನನಗೆ ಕುಣಿಯುವಷ್ಟು ಖುಷಿ ಆಗಿತ್ತು. ಅದು ಬರೀ ಖುಷಿ, ಅಲ್ವಾ? ಹಾಳೆಯಲ್ಲಿ ಬರೆದದ್ದನ್ನು ಮಾತ್ರ ಕೇಳಬೇಕು ಎಂದು ನಾವು ಒಪ್ಪಂದ ಮಾಡಿಕೊಂಡಿದ್ದೇವೆ.

ಗುರುತು ಕಂಡ ದಿನ ನಾನು ಕಾಫಿ ನಿಲ್ಲಿಸುತ್ತೇನೆ. ಸಂಜೆ ಏಳಕ್ಕೇ ಟ್ಯೂಬ್‌ಲೈಟ್ ಆರಿಸಿ ಚಿಕ್ಕ ಬಲ್ಬು ಹಾಕುತ್ತೇನೆ. ಫೋನನ್ನು ನಮ್ಮನೆಯವರಿಗೆ ಕೊಟ್ಟುಬಿಡುತ್ತೇನೆ. ಕತ್ತರಿ ಮುಟ್ಟುವುದಿಲ್ಲ. ಹುಕ್ಕು ಹಾಕುವುದು, ಹೆಮ್ಮಿಂಗ್ ಮಾಡುವುದು ಇಷ್ಟೇ. ನಿದ್ದೆ ಬರದಿದ್ದರೂ ಹತ್ತರಿಂದ ಆರರವರೆಗೆ ಕತ್ತಲೆ ಕೋಣೆಯಲ್ಲಿ ಮಲಗಿರುತ್ತೇನೆ. ಮಾತ್ರೆಯನ್ನು ನಾನೇ ಹೆಚ್ಚು ಮಾಡುವುದಿಲ್ಲ, ಬಿಡುವುದೂ ಇಲ್ಲ. ಅದನ್ನು ಡಾಕ್ಟರೇ ಹೇಳಬೇಕು.

ಮಾತ್ರೆ ವಿಷಯ ಬಂತಲ್ಲ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ತಗೊಳ್ಳುವುದು ಲಿಥಿಯಂ. ಮೇನಿಯಾಗೆ ಇದು ಕೆಲಸ ಮಾಡುತ್ತದೆ ಎಂದು ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು 1949ರಲ್ಲೇ ತೋರಿಸಿದ್ದರು. ಒಳ್ಳೆಯ ಔಷಧ, ಆದರೆ ಅಳತೆ ತಪ್ಪಬಾರದು. ರಕ್ತದಲ್ಲಿ ಅದು ಎಷ್ಟಿದೆ ಎಂದು ಆಗಾಗ ನೋಡಿಸಬೇಕು. ನನ್ನದು ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಒಳಗೆ ಇರಲಿ ಅನ್ನುತ್ತಾರೆ. ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆ ಆದ ಮೇಲೆ, ಬೆಳಗಿನ ಮಾತ್ರೆ ಇದ್ದರೆ ಅದಕ್ಕೆ ಮುಂಚೆ ರಕ್ತ ಕೊಡಬೇಕು. ಕಿಡ್ನಿ, ಥೈರಾಯ್ಡ್ ಪರೀಕ್ಷೆ ಆರು ತಿಂಗಳಿಗೊಮ್ಮೆ.

ಹೊಲಿಗೆಯವರಿಗೆ ಬೆನ್ನು ನೋವು ತಪ್ಪಿದ್ದಲ್ಲ. ಒಮ್ಮೆ ಮೆಡಿಕಲ್ ಶಾಪಿನಿಂದ ಸುಮ್ನೆ ನೋವಿನ ಮಾತ್ರೆ ತಂದು ಐದು ದಿನ ನುಂಗಿದೆ. ಲಿಥಿಯಂ ಶುರುವಾದಾಗಿನಿಂದ ಬೆರಳು ಸ್ವಲ್ಪ ನಡುಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ಹೊತ್ತು ಹಿಡಿಯುತ್ತಿತ್ತು. ಆ ವಾರ ಕೈ ಲೋಟ ಹಿಡಿಯದಷ್ಟು ನಡುಗಿತು, ವಾಂತಿ ಆಯಿತು, ನಡೆದರೆ ಕಾಲು ತೂರಾಡುತ್ತಿತ್ತು. ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ವಾಂತಿ ಭೇದಿಯಾಗಿ ಮೈಯ ನೀರು ಹೋದರೂ ಅಷ್ಟೇ. ಉಪ್ಪನ್ನು ಇದ್ದಕ್ಕಿದ್ದಂತೆ ಬಿಟ್ಟರೂ ಅಷ್ಟೇ, ಅದಕ್ಕೇ ನಾನು ಉಪ್ಪಿಲ್ಲದ ಉಪವಾಸ ಮಾಡುವುದಿಲ್ಲ. ಇಂಥ ಲಕ್ಷಣ ಕಂಡರೆ ಮುಂದಿನ ಮಾತ್ರೆ ನುಂಗುವ ಮೊದಲು ಡಾಕ್ಟರನ್ನು ಕೇಳಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ದಿನಗಟ್ಟಲೆ ನಿದ್ದೆ ಇಲ್ಲ, ಇಲ್ಲದ ಧ್ವನಿ ಕೇಳಿಸುತ್ತಿದೆ, ಜೀವಕ್ಕೆ ಅಪಾಯ ಅನ್ನಿಸಿದರೆ ಹಾಳೆ ನೋಡುತ್ತಾ ಕೂರಬೇಡಿ. ಹಾಸನದಲ್ಲಿ ಹಿಮ್ಸ್ ಸರ್ಕಾರಿ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾಸ್ಪತ್ರೆ ಇದೆ, ಕರೆದುಕೊಂಡು ಹೋಗಿ. ಏನು ಮಾಡಬೇಕು ಎಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇಳಿದ ಮೇಲಿನ ದಿನಗಳು ಬಹಳ ಕಷ್ಟ. ಮಾಡಿದ್ದೆಲ್ಲ ನೆನಪಾಗುತ್ತದೆ, ಹೊರಗೆ ಮುಖ ತೋರಿಸಲು ಆಗುವುದಿಲ್ಲ. ಆ ಹೊತ್ತಲ್ಲಿ ಒಬ್ಬರೇ ಇರಬೇಡಿ. ತಂಗಿ ನನ್ನ ಜೊತೆ ಕೂತು ಯಾರಿಗೆ ಏನು ಕೊಡಬೇಕು ಎಂದು ಪಟ್ಟಿ ಮಾಡಿದಳು. ಎರಡು ಮಷಿನ್ ಮಾರಿದೆವು. ಸೀರೆಯ ಯಜಮಾನಿ ಹತ್ತಿರ ಇಬ್ಬರೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ತಿಂಗಳಿಗೆ 500 ರೂಪಾಯಿಯಂತೆ ತೀರಿಸಿದೆ. ಎಲ್ಲರಿಗೂ ಕಾಯಿಲೆಯ ಕಥೆ ಹೇಳಬೇಕಾಗಿಲ್ಲ. ಉಳಿದ ಗಿರಾಕಿಗಳಿಗೆ "ಹುಷಾರಿರಲಿಲ್ಲ, ನಿಮ್ಮ ಬ್ಲೌಸ್ ಶುಕ್ರವಾರ ಕೊಡುತ್ತೇನೆ" ಎಂದಷ್ಟೇ ಹೇಳಿದೆ. ಶುಕ್ರವಾರ ಕೊಟ್ಟೆ.