ಚೆರ್ರಿ ಸಿಗಡಿಯ ಕೆಂಪನ್ನು ಗಟ್ಟಿ ಮಾಡುವುದು ಹೇಗೆ?

ಚೆರ್ರಿ ಸಿಗಡಿ ಅಂದರೆ ಅಕ್ವೇರಿಯಂನಲ್ಲಿ ಸಾಕುವ ಪುಟ್ಟ ಸಿಹಿನೀರಿನ ಸಿಗಡಿ. ಗಾಢ ಕೆಂಪಿನವನ್ನೇ ಆರಿಸಿ ಮರಿ ಮಾಡಿಸುವುದು ಇಲ್ಲಿನ ದಾರಿ. ಎರಡು ಟ್ಯಾಂಕ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ: ಒಂದು ತಳಿಗೆ, ಇನ್ನೊಂದು ಬೇರ್ಪಡಿಸಿದವಕ್ಕೆ. ತಲಾ 30 ಲೀಟರ್, ಸ್ಪಂಜ್ ಫಿಲ್ಟರ್, ಒಂದು ಹಿಡಿ ಜಾವಾ ಮಾಸ್ (ನೀರಿನಲ್ಲಿ ಬೆಳೆಯುವ ಪಾಚಿಯಂಥ ಗಿಡ) ಸಾಕು. ಕೆಂಪು, ನೀಲಿ ಒಟ್ಟಿಗೆ ಬಿಟ್ಟರೆ ಮರಿಗಳು ಮಾಸಲು ಕಂದಾಗುತ್ತವೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಮಳೆನೀರು ಬೆರೆಸಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 200ರ ಆಸುಪಾಸಿಗೆ ತನ್ನಿ. ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಒಂದು ಎಚ್ಚರ ಬೇಕು. ಬೋರ್ಡೋ (ಬೆಳೆಗೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ) ಕಲಸಿದ ಬಕೆಟ್, ಡ್ರಮ್ಮಿನ ನೀರು ಟ್ಯಾಂಕಿನ ಹತ್ತಿರವೂ ಸುಳಿಯಬಾರದು. ಮೈಲುತುತ್ತದ ತಾಮ್ರ ತೀರಾ ಕಡಿಮೆಯಿದ್ದರೂ ಸಿಗಡಿಗೆ ವಿಷ. ಚಳಿಗಾಲದಲ್ಲಿ ಹೀಟರ್ 23 ಡಿಗ್ರಿಗೆ ಇಡಿ.

ಆಯ್ಕೆಗೆ ಅವಸರ ಬೇಡ. ಮರಿಗೆ ಎರಡೂವರೆ ತಿಂಗಳಾದ ಮೇಲೆ, ಕಪ್ಪು ಮರಳಿನ ಮೇಲೆ ನೋಡಿ; ಬಿಳಿ ತಳದಲ್ಲಿ ಒಳ್ಳೆಯದೂ ಪೇಲವವಾಗಿ ಕಾಣುತ್ತದೆ. ಆಗಷ್ಟೇ ಪೊರೆ ಬಿಟ್ಟಿದ್ದನ್ನು ಅಳೆಯಬೇಡಿ. ಹೆಣ್ಣಿನಲ್ಲಿ ಬೆನ್ನಿನ ಬಣ್ಣಕ್ಕಿಂತ ಕಾಲು ನೋಡಿ: ಕಾಲಿನ ತುದಿವರೆಗೂ ಕೆಂಪಿದ್ದರೆ ಇಟ್ಟುಕೊಳ್ಳಿ, ಪಾರದರ್ಶಕ ತೇಪೆಗಳಿದ್ದರೆ ತೆಗೆಯಿರಿ. ಗಂಡು ಹುಟ್ಟಾ ತಿಳಿ ಬಣ್ಣದ್ದು, ಹಾಗಾಗಿ ಹೆಚ್ಚಿನವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮರಿಯ ಅರ್ಧ ಗುಣ ಅದರಿಂದಲೇ ಬರುವುದು! ಪೇಲವ ಗಂಡು ಒಂದೇ ಉಳಿದರೂ ಹಲವು ಹೆಣ್ಣುಗಳ ಮರಿ ಕೆಡಿಸುತ್ತದೆ.

ಮೊಟ್ಟೆ ಹೊತ್ತ ಹೆಣ್ಣನ್ನು ಬಲೆಯಿಂದ ಎತ್ತಬೇಡಿ, ಗಾಬರಿಗೆ ಮೊಟ್ಟೆ ಉದುರಿಸುತ್ತದೆ. ನಾಲ್ಕು ವಾರದಲ್ಲಿ ಮರಿ ಹೊರಬರುತ್ತವೆ. ಆಮೇಲೆ ಆರಿಸಿ. ಕೆಲವು ತಲೆಮಾರಿನ ನಂತರ ಮರಿ ಕಡಿಮೆಯಾದರೆ, ಬೇರೆಯವರ ಬಳಿಯಿಂದ ಅದೇ ಬಣ್ಣದ ನಾಲ್ಕೈದು ತಂದು ಸೇರಿಸಿ.