ಮದ್ದು ಸುಟ್ಟ ಕ್ವಾರಿ ಮಣ್ಣನ್ನ ನಾವು ಹೇಗೆ ಕ್ಲೀನ್ ಮಾಡಿದ್ವಿ

ಮಣ್ಣು ಕ್ಲೀನ್ ಮಾಡ್ಬೇಕು ಅಂದ ತಕ್ಷಣ ನಮ್ಮ ಬೆಂಗಳೂರಲ್ಲಿ ಎಲ್ರಿಗೂ ನೆನಪಾಗೋದು ಜೆಸಿಬಿ ಮತ್ತೆ ಟಿಪ್ಪರ್, ಮೇಲಿಂದ ಎರಡು ಅಡಿ ಕೆರೆದು ಲೋಡ್ ಹೊಡ್ಸಿ ಎಲ್ಲೋ ಸುರಿದು ಬಂದ್ರೆ ಮುಗೀತು ಅಂತ. ಸ್ಫೋಟಕ ನಾಶ ಮಾಡಿದ ಜಾಗದಲ್ಲಿ ಹಾಗೆ ಮಾಡಿದ್ರೆ ಒಂದು, ಕೆಲಸದೋರ ಜೀವಕ್ಕೆ ಅಪಾಯ, ಇನ್ನೊಂದು, ವಿಷ ಇಲ್ದಿರೋ ಮಣ್ಣನ್ನ ದುಡ್ಡು ಕೊಟ್ಟು ಸಾಗಿಸಿ ವಿಷ ಇರೋದನ್ನ ಅಲ್ಲೇ ಬಿಟ್ಟು ಬರ್ತೀವಿ. ನಾನು ಜಿಯಾಲಜಿ ಓದಿ ಈ ಫೀಲ್ಡಲ್ಲೇ ಕೆಲಸ ಮಾಡ್ತಿರೋಳು. ಊರಾಚೆ ಒಂದು ಹಳೇ ಕಲ್ಲು ಕ್ವಾರಿ, ಅಲ್ಲಿ ವರ್ಷಗಟ್ಟಲೆ ಡೇಟ್ ಮುಗಿದ ಮದ್ದುಗುಂಡು, ಬಂಡೆ ಒಡೆಯೋ ಸ್ಫೋಟಕ, ಪಟಾಕಿ ಮದ್ದು ಎಲ್ಲಾನೂ ತಂದು ಸುಡ್ತಿದ್ರು, ಸಿಡಿಸ್ತಿದ್ರು. ಯಾರು ಅಂತ ಇಲ್ಲಿ ಬರೆಯಲ್ಲ. ಈಗ ಪಕ್ಕದಲ್ಲೇ ಲೇಔಟ್ ಬರೋದಿತ್ತು, ಮಾಲೀಕರಿಗೆ ಬೇಕಾಗಿದ್ದಿದ್ದು ನಾಲ್ಕು ಸ್ಯಾಂಪಲ್ ಮತ್ತೆ ಒಂದು ಕ್ಲೀನ್ ರಿಪೋರ್ಟ್. ಈ ಥರ ಜಾಗದಲ್ಲಿ ಅರ್ಧ ದುಡ್ಡು, ಅರ್ಧ ಟೈಮು ಹುಡುಕೋದಕ್ಕೇ ಹೋಗ್ಬೇಕು ಅಂತ ಅವ್ರಿಗೆ ಒಪ್ಪಿಸೋದೇ ಮೊದಲನೇ ಕೆಲಸ ಆಯ್ತು.

ಹಳೇ ರೆಕಾರ್ಡ್ ಅಂತ ಕೇಳಿದ್ರೆ ಏನೂ ಇರ್ಲಿಲ್ಲ. ಗೂಗಲ್ ಅರ್ಥಲ್ಲಿ ಹಿಂದಿನ ವರ್ಷಗಳ ಇಮೇಜ್ ಒಂದೊಂದೇ ತೆಗೆದು ನೋಡಿದಾಗ ಕ್ವಾರಿ ಬಾಯಿ ಹತ್ರ ಒಂದೇ ಒಂದು ಕಪ್ಪು ಕಲೆ ಕಾಣ್ತಿತ್ತು, ಅದನ್ನೇ ನಂಬಿದ್ದಿದ್ರೆ ಅಲ್ಲಿಗೇ ಕೆಲಸ ಮುಗೀತಿತ್ತು. ಆದ್ರೆ ಅಲ್ಲಿ ದನ ಮೇಯಿಸ್ತಿದ್ದ ತಾತ ಒಬ್ರನ್ನ ಕೂರಿಸ್ಕೊಂಡು ಕೇಳಿದಾಗ ಅವ್ರು ಹೇಳಿದ್ದೇ ಬೇರೆ. "ಒಂದೇ ಕಡೆ ಸುಡ್ತಿರ್ಲಿಲ್ಲ ಕಣಮ್ಮ, ಗಾಳಿ ನೋಡ್ಕೊಂಡ್ ಸುಡೋರು. ಮುಂಗಾರಲ್ಲಿ ಪಡುವಲ ಗಾಳಿ ಬೀಸಿದ್ರೆ ಹೊಗೆ ಊರೊಳಕ್ ಬತ್ತದೆ ಅಂತ ಆ ಬಂಡೆ ಮರೆಗೆ ಹೋಗೋರು. ಸಿಡಿಸೋದು ಮಾತ್ರ ತೆಂಕಲ ಮೂಲೇಲಿ, ಗುಂಡಿ ತೋಡಿ." ಅಂದ್ರೆ ಸುಟ್ಟ ಜಾಗ ಎರಡು, ಸಿಡಿಸಿದ ಗುಂಡಿಗಳು ಬೇರೆ. ಈ ವ್ಯತ್ಯಾಸ ತುಂಬಾ ಮುಖ್ಯ. ಸುಟ್ಟ ಕಡೆ ಬೂದಿ, ಸೀಸ, ಅರೆಬೆಂದ ಪ್ರೊಪೆಲೆಂಟ್ (ಗುಂಡನ್ನ ಮುಂದಕ್ಕೆ ತಳ್ಳೋ ಮದ್ದು) ಮೇಲ್ಮಣ್ಣಲ್ಲೇ ಇರುತ್ತೆ. ಪೂರ್ತಿ ಸಿಡಿದ ಕಡೆ ಉಳಿಯೋದು ತೀರಾ ಕಮ್ಮಿ, ಆದ್ರೆ ಅರ್ಧಂಬರ್ಧ ಸಿಡಿದ್ರೆ ಟಿಎನ್‌ಟಿ, ಆರ್‌ಡಿಎಕ್ಸ್ ಅನ್ನೋ ಸ್ಫೋಟಕಗಳ ಚೂರುಗಳು ಸುತ್ತ ಹಾರಿ ಬಿದ್ದಿರುತ್ವೆ. ಆ ಚೂರುಗಳೇ ಮುಂದೆ ಮಳೆ ಮಳೆಗೂ ಸ್ವಲ್ಪ ಸ್ವಲ್ಪ ಕರಗ್ತಾ ಇರೋದು.

ಮಣ್ಣಿಗೆ ಕೈ ಹಾಕೋಕೆ ಮುಂಚೆ ಸಿಡಿಯದೇ ಉಳಿದಿರೋ ಐಟಂ ಇದ್ಯಾ ಅಂತ ನೋಡ್ಬೇಕು, ಇದರಲ್ಲಿ ಯಾವ ರಾಜಿನೂ ಇಲ್ಲ. ಸೈನ್ಯದ ಎಂಜಿನಿಯರ್ ಪಡೆ ಎಂಇಜಿಯಿಂದ (ಮದ್ರಾಸ್ ಎಂಜಿನಿಯರ್ ಗ್ರೂಪ್) ರಿಟೈರ್ ಆದ ಸುಬೇದಾರ್ ಒಬ್ರು ನಮ್ಮ ಜೊತೆ ಬಂದ್ರು, ಅವ್ರು ಸರಿ ಅನ್ನೋವರೆಗೂ ಯಾರೂ ಹಗ್ಗ ದಾಟೋ ಹಾಗಿರ್ಲಿಲ್ಲ, ಸಂಶಯ ಬಂದಿದ್ದನ್ನ ಮುಟ್ಟದೆ ಪೊಲೀಸ್ ಬಾಂಬ್ ಸ್ಕ್ವಾಡ್‌ಗೆ ಹೇಳೋದು ಅಂತ ಮೊದ್ಲೇ ಬರೆದಿಟ್ಟಿದ್ವಿ. ನಮ್ಮ ಕೆಂಪು ಮಣ್ಣಿನ ತೊಂದರೆ ಏನಂದ್ರೆ ಅದರಲ್ಲಿರೋ ಕಬ್ಬಿಣದಂಶದ ಗರಸಿಗೇ ಮೆಟಲ್ ಡಿಟೆಕ್ಟರ್ ಕೂಗುತ್ತೆ. ಅದಕ್ಕೆ ಅವ್ರು ಪಕ್ಕದ ಶುದ್ಧ ಜಾಗದಲ್ಲಿ ಬೇರೆ ಬೇರೆ ಆಳಕ್ಕೆ ಕಬ್ಬಿಣದ ತುಂಡು ಹೂತು, ಗರಸಿನ ಸೌಂಡ್ ಹೇಗಿರುತ್ತೆ ತುಂಡಿನ ಸೌಂಡ್ ಹೇಗಿರುತ್ತೆ ಅಂತ ಕಿವಿಗೆ ಕೂರೋವರೆಗೂ ಪ್ರತಿದಿನ ಬೆಳಿಗ್ಗೆ ಓಡಾಡೋರು. ಒಂದ್ಸಲ ನೆಲದ ಮೇಲೆ ಬೆಲ್ಲದ ಬಣ್ಣದ ಸಣ್ಣ ಉಂಡೆ ಕಾಣಿಸ್ತು, ನಾನು ಬಗ್ಗಿದೆ. "ಮೇಡಂ, ಕಲ್ಲು ಅಲ್ಲ ಅದು, ನಿಲ್ಲಿ" ಅಂದ್ರು. ಟಿಎನ್‌ಟಿ. ಒಳಗೆ ತಿಳಿ ಹಳದಿ ಇದ್ರೂ ಬಿಸಿಲಿಗೆ ಬಿದ್ದ ಮೇಲ್ಮೈ ಕೆಂಪು ಕಂದು ತಿರುಗುತ್ತೆ, ಕೆಂಪು ಮಣ್ಣಲ್ಲಿ ಗೊತ್ತೇ ಆಗಲ್ಲ. ಇನ್ನೊಂದು ಲೆಕ್ಕ ಎಲ್ರೂ ತಿಳ್ಕೊಂಡಿರ್ಬೇಕು: ಮಣ್ಣಲ್ಲಿ ತೂಕದ 10 ಪರ್ಸೆಂಟ್‌ಗಿಂತ ಜಾಸ್ತಿ ಈ ಥರ ಸ್ಫೋಟಕ ಇದ್ರೆ ಆ ಮಣ್ಣನ್ನೇ ಸ್ಫೋಟಕ ಅಂತ ನೋಡ್ಬೇಕು, ಜೆಸಿಬಿ ಬಕೆಟ್ ಅದರ ಹತ್ರ ಹೋಗಬಾರ್ದು.

ಈಗ ಸ್ಯಾಂಪಲಿಂಗ್, ನನ್ನ ಪ್ರಕಾರ ಇಡೀ ಕೆಲಸದ ಜೀವ ಇದೇ. ಸ್ಫೋಟಕದ ಚೂರು ಮಣ್ಣಲ್ಲಿ ಇರೋದು ಚಿತ್ರಾನ್ನದಲ್ಲಿ ಕಡ್ಲೆಬೀಜ ಇದ್ದ ಹಾಗೆ, ಒಂದು ತುತ್ತಲ್ಲಿ ನಾಲ್ಕು, ಮುಂದಿನ ತುತ್ತಲ್ಲಿ ಒಂದೂ ಇಲ್ಲ. ಒಂದು ಹಿಡಿ ಮಣ್ಣು ತಗೊಂಡು ಲ್ಯಾಬ್‌ಗೆ ಕಳಿಸಿದ್ರೆ ಬರೋ ನಂಬರ್‌ಗೆ ಯಾವ ಅರ್ಥಾನೂ ಇಲ್ಲ, ಒಂದು ಹೆಜ್ಜೆ ಪಕ್ಕಕ್ಕೆ ಹೋದ್ರೆ ನೂರು ಪಟ್ಟು ವ್ಯತ್ಯಾಸ ಬರ್ಬಹುದು. ಅದಕ್ಕೇ ಅಮೆರಿಕದ ಪರಿಸರ ಸಂಸ್ಥೆ ಇಪಿಎ 2006ರಲ್ಲಿ ತಂದ 8330ಬಿ ಅನ್ನೋ ವಿಧಾನ ಹಿಡಿದ್ವಿ. ಜಾಗವನ್ನ ಭಾಗ ಮಾಡ್ಕೊಳ್ಳೋದು, ಒಂದೊಂದು ಭಾಗದಲ್ಲೂ 30ರಿಂದ 100 ಕಡೆ ಸಾಲಾಗಿ ನಡ್ಕೊಂಡು ಸಣ್ಣ ಕೊಳವೆಯಿಂದ ಮೇಲಿನ 2.5 ಸೆಂಟಿಮೀಟರ್ ಮಣ್ಣು ತೆಗೆದು ಎಲ್ಲಾ ಒಂದೇ ಚೀಲಕ್ಕೆ ಹಾಕೋದು, ಸುಮಾರು ಒಂದು ಕೆಜಿ ಬರುತ್ತೆ. ಅದೇ ಭಾಗದಲ್ಲಿ ಬೇರೆ ಜಾಗದಿಂದ ಶುರು ಮಾಡಿ ಇನ್ನೂ ಎರಡು ಚೀಲ. ಮೂರರ ನಂಬರ್ ಹತ್ತಿರ ಹತ್ತಿರ ಬಂದ್ರೆ ಮಾತ್ರ ನಂಬೋದು.

ಲ್ಯಾಬಲ್ಲೂ ಅಷ್ಟೇ ಹಠ ಬೇಕು. ಚೀಲದ ಮೇಲಿಂದ ಒಂದು ಚಮಚ ತೆಗೆದು ಟೆಸ್ಟ್ ಮಾಡಿದ್ರೆ ಹೊರಗೆ ಬಿಸಿಲಲ್ಲಿ ನಡೆದಿದ್ದೆಲ್ಲಾ ದಂಡ. ಓವನ್‌ಗೆ ಇಡದೆ ಗಾಳೀಲಿ ಒಣಗಿಸಿ, 2 ಮಿಲಿಮೀಟರ್ ಜರಡಿ ಹಿಡಿದು, ಇಳಿದಿದ್ದನ್ನ ಪೂರ್ತಿ ಮಿಲ್ಲಲ್ಲಿ ಹಿಟ್ಟು ಮಾಡಿ, ಮಧ್ಯೆ ಮಧ್ಯೆ ನಿಲ್ಲಿಸಿ ಬಿಸಿ ಆರೋಕೆ ಬಿಟ್ಟು, ಆ ಹಿಟ್ಟನ್ನ ಹರಡಿ ಹಲವು ಕಡೆಯಿಂದ ಸೇರಿಸಿ 10 ಗ್ರಾಂ ತಗೋಬೇಕು, ಆಮೇಲೆ ಎಚ್‌ಪಿಎಲ್‌ಸಿ, ಅಂದ್ರೆ ಕೆಮಿಕಲ್‌ಗಳನ್ನ ಬೇರೆ ಬೇರೆ ಮಾಡಿ ಅಳೆಯೋ ಮೆಷಿನ್. ಕೊಟೇಶನ್ ಹಂತದಲ್ಲೇ ಇದನ್ನ ಬರೆಸ್ಕೊಂಡ್ವಿ. ಫೀಲ್ಡಲ್ಲಿ ದಾರಿ ತೋರ್ಸೋಕೆ ಮಾತ್ರ ಬಣ್ಣದ ಟೆಸ್ಟ್: ಮಣ್ಣನ್ನ ಅಸಿಟೋನಲ್ಲಿ ಕುಲುಕಿ ಸೋಸಿ, ಕ್ಷಾರ ಬೆರೆಸಿದ್ರೆ ಟಿಎನ್‌ಟಿ ಇದ್ದಾಗ ತಿಳಿನೀರಿನ ಥರ ಇದ್ದದ್ದು ಕಣ್ಣೆದುರೇ ಕೆಂಪಗಾಗುತ್ತೆ. ಬಂಡೆ ಮರೆಯ ಮಣ್ಣು, ಅಂದ್ರೆ ಸ್ಯಾಟಲೈಟ್ ಇಮೇಜಲ್ಲಿ ಏನೂ ಕಾಣದ ಜಾಗದ್ದು, ಅಷ್ಟು ಗಾಢವಾಗಿ ಕೆಂಪಾಗಿದ್ದು ನೋಡಿ ತಾತನ್ನ ಮನಸ್ಸಲ್ಲೇ ನೆನೆದೆ. ಆರ್‌ಡಿಎಕ್ಸ್ ಈ ಟೆಸ್ಟಲ್ಲಿ ಕಾಣಲ್ಲ, ಅದಕ್ಕೆ ಬೇರೆ ಕೆಮಿಕಲ್ ಇದೆ. ಸೀಸಕ್ಕೆ ಎಕ್ಸ್‌ರೇ ಬಿಟ್ಟು ಲೋಹ ಅಳೆಯೋ, ಕೈಯಲ್ಲಿ ಹಿಡಿಯೋ ಎಕ್ಸ್‌ಆರ್‌ಎಫ್ ಗನ್ ಸಾಕು.

ಇಷ್ಟೆಲ್ಲಾ ಮೇಲ್ಮಣ್ಣಿನ ಕಥೆ. ಟಿಎನ್‌ಟಿ ಮಣ್ಣಿಗೆ ಅಂಟ್ಕೊಂಡು ಕೂರುತ್ತೆ, ಆರ್‌ಡಿಎಕ್ಸ್ ಅಷ್ಟಾಗಿ ಅಂಟಲ್ಲ, ಪಟಾಕಿ ಮದ್ದಲ್ಲಿರೋ ಪರ್ಕ್ಲೋರೇಟ್ ಅಂತೂ ಉಪ್ಪಿನಂಶ, ನೀರಿನ ಜೊತೆ ಇಳಿದು ಹೋಗಿಬಿಡುತ್ತೆ. ಮೇಲ್ಮಣ್ಣಲ್ಲಿ ಪರ್ಕ್ಲೋರೇಟ್ ಹೆಚ್ಚುಕಮ್ಮಿ ಸಿಗ್ಲೇ ಇಲ್ಲ, ಮಾಲೀಕರ ಕಡೆಯೋರಿಗೆ ಖುಷಿಯೋ ಖುಷಿ. ಆದ್ರೆ ಪಟಾಕಿ ಮದ್ದು ಸುಟ್ಟ ಜಾಗದಲ್ಲಿ ಅದು ಇಲ್ಲ ಅಂದ್ರೆ ಮಳೆಗೆ ಇಳಿದು ಹೋಗಿದೆ ಅಂತ ಅರ್ಥ. ಕೆಳಗಿನ ತೋಟದ ಬೋರ್‌ವೆಲ್ ನೀರು ಟೆಸ್ಟ್ ಮಾಡ್ಸಿದಾಗ ಅಲ್ಲಿತ್ತು, ಡಬ್ಲ್ಯುಎಚ್‌ಒ ಹೇಳೋ ಲೀಟರ್‌ಗೆ 70 ಮೈಕ್ರೋಗ್ರಾಂಗಿಂತ ಜಾಸ್ತಿನೇ. ಇದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರದ ಹಾಗೆ ತಡೆಯುತ್ತೆ, ಬಸುರಿ ಹೆಂಗಸರಿಗೆ, ಎಳೇ ಮಕ್ಕಳಿಗೆ ಹೆಚ್ಚು ತೊಂದರೆ. ಕಾಯಿಸಿದ್ರೆ ಹೋಗಲ್ಲ, ಸೊಪ್ಪಿಗೆ ಅದೇ ನೀರು ಬಿಟ್ರೆ ಎಲೆಯಲ್ಲಿ ಸೇರ್ಕೊಳ್ಳುತ್ತೆ. ಕೇರಳದ ಆಲುವಾ ಹತ್ರ ಬಾವಿಗಳಲ್ಲಿ ಇದು ಸಿಕ್ಕಿದ್ದು ಓದಿದ್ದೆ, ಇಲ್ಲಿ ನಮ್ಮ ಕಣ್ಣೆದುರೇ ಬಂತು. ತೋಟದ ಮನೆಯೋರಿಗೆ ಅವತ್ತೇ ಹೋಗಿ ಹೇಳಿದ್ವಿ, ರಿಪೋರ್ಟ್ ಫೈನಲ್ ಆಗ್ಲಿ ಅಂತ ಕಾಯ್ಲಿಲ್ಲ. ಕುಡಿಯೋಕೆ, ಅಡುಗೆಗೆ ಟ್ಯಾಂಕರ್ ನೀರಿನ ಖರ್ಚು ಮಾಲೀಕರೇ ಕೊಡ್ಬೇಕು ಅಂತ ಪಟ್ಟು ಹಿಡಿದ್ವಿ, ಕೊಟ್ರು.

ಕ್ಲೀನಪ್‌ಗೆ ಒಂದೇ ಉಪಾಯ ಅಂತ ಇಲ್ಲ. ಟಿಎನ್‌ಟಿ, ಆರ್‌ಡಿಎಕ್ಸ್ ಇದ್ದ ಮಣ್ಣಿಗೆ ಕಾಂಪೋಸ್ಟಿಂಗ್ ಮಾಡಿದ್ವಿ, ಅಂದ್ರೆ ಮಣ್ಣನ್ನ ಸಗಣಿ, ಹುಲ್ಲಿನ ಜೊತೆ ಬೆರೆಸಿ ರಾಶಿ ಹಾಕಿ, ಸೂಕ್ಷ್ಮಜೀವಿಗಳಿಂದ ಸ್ಫೋಟಕ ಒಡೆಸೋದು. ಅಮೆರಿಕದ ಆರೆಗನ್‌ನಲ್ಲಿ ಉಮಟಿಲ್ಲಾ ಅನ್ನೋ ಆರ್ಮಿ ಡಿಪೋದಲ್ಲಿ 1990ರ ದಶಕದಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿ ಗೆದ್ದ ವಿಧಾನ ಇದು, ಅವ್ರು ಸಗಣಿ, ಕುದುರೆ ಮಸಾಲೆ ಹುಲ್ಲು, ಮರದ ಪುಡಿ, ಆಲೂಗಡ್ಡೆ ತ್ಯಾಜ್ಯ ಬಳಸಿದ್ರು. ನಮಗೆ ಸಗಣಿ, ರಾಗಿ ಹುಲ್ಲು, ಸಾಮಿಲ್ ಪುಡಿ, ಕೋಳಿ ಗೊಬ್ಬರ ಸುತ್ತಮುತ್ತಲ ಹಳ್ಳೀಲೇ ಸಿಕ್ತು. ಕೆಳಗೆ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟು, ಸೋರಿದ ನೀರು ಸೇರೋಕೆ ಗುಂಡಿ, ಮೇಲೆ ಟಾರ್ಪಾಲು, ರಾಶಿಯಲ್ಲಿ ಮಣ್ಣು ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ರಾಶಿ ಒಳಗೆ 55 ಡಿಗ್ರಿ ಹತ್ತಿದ್ರೆ ಕೆಲಸ ನಡೀತಿದೆ ಅಂತ, ಬಿಸಿ ಇಳಿದ್ರೆ ತಿರುವಿ ಹಾಕಿ ನೀರು ಚಿಮುಕಿಸೋದು. ಟಿಎನ್‌ಟಿ ಬೇಗ ಇಳೀತು, ಆರ್‌ಡಿಎಕ್ಸ್ ನಿಧಾನ. ಟಿಎನ್‌ಟಿ ನಂಬರ್ ಒಂದನ್ನೇ ನೋಡಿ ನಿಲ್ಲಿಸಬಾರ್ದು, ಅದು ಒಡೆಯುವಾಗ ಅಮಿನೋ ಡಿಎನ್‌ಟಿ ಅಂತ ಇನ್ನೊಂದು ಕೆಮಿಕಲ್ ಬರುತ್ತೆ, ಅದೂ ಏರಿ ಇಳಿಯೋವರೆಗೂ ಕಾಯ್ಬೇಕು, ಅಷ್ಟೂ ದಿನ ಸೈಟಲ್ಲಿ ಯಾಕಿನ್ನೂ ಮುಗಿದಿಲ್ಲ ಅಂತ ಫೋನ್ ಬರ್ತಾನೇ ಇರುತ್ತೆ.

ಸೀಸ ಗೊಬ್ಬರಕ್ಕೆ ಹೋಗಲ್ಲ, ಅದು ಲೋಹ. ಆ ಭಾಗದ ಮಣ್ಣನ್ನ ಜರಡಿ ಹಿಡಿದು ತುಣುಕು ಬೇರೆ ಮಾಡಿ, ಕೆಲವಕ್ಕೆ ಫಾಸ್ಫೇಟ್ ಬೆರೆಸಿ ನೀರಿಗೆ ಕರಗದ ಹಾಗೆ ಕಟ್ಟಿಹಾಕಿ, ತೀರಾ ಜಾಸ್ತಿ ಇದ್ದಿದ್ದನ್ನ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಸಮೇತ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಲ್ಯಾಂಡ್‌ಫಿಲ್‌ಗೆ ಕಳಿಸಿದ್ವಿ. ಟಿಪ್ಪರ್ ಬೇಕಾಗಿದ್ದು ಇಷ್ಟಕ್ಕೇ.

ಪರ್ಕ್ಲೋರೇಟ್ ಕಷ್ಟದ್ದು. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ಅದನ್ನ ಬರೀ ಕ್ಲೋರೈಡ್ ಮಾಡಿಬಿಡುತ್ವೆ, ತಿನ್ನೋಕೆ ಏನಾದ್ರೂ ಕೊಡ್ಬೇಕು ಅಷ್ಟೇ. ಸುಟ್ಟ ಜಾಗದ ಕೆಳಗಿನ ಮಣ್ಣಿಗೆ ಕಾಕಂಬಿ ನೀರು ಬಿಟ್ವಿ. ಆದ್ರೆ ನೈಟ್ರೇಟ್ ಇದ್ರೆ ಅವು ಮೊದ್ಲು ಕೈ ಹಾಕೋದು ಅದಕ್ಕೇ, ಪರ್ಕ್ಲೋರೇಟ್ ಆಮೇಲೆ, ನಮ್ಮ ಕಡೆ ನೈಟ್ರೇಟ್‌ಗೇನು ಬರ, ಕ್ವಾರಿ ಸ್ಫೋಟಕದಿಂದ, ಗೊಬ್ಬರದಿಂದ, ಚರಂಡಿಯಿಂದ ಎಲ್ಲಾ ಕಡೆಯಿಂದ ಬರುತ್ತೆ. ಮಣ್ಣಲ್ಲಿ ಕಾಕಂಬಿ ಕೆಲಸ ಮಾಡ್ತು, ಆದ್ರೆ ನೂರಾರು ಅಡಿ ಕೆಳಗೆ ಬಂಡೆ ಬಿರುಕಲ್ಲಿ ಓಡೋ ನೀರಿಗೆ ಅದನ್ನ ತಲುಪಿಸ್ತೀನಿ ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬಲ್ಲ. ಅಲ್ಲಿಗೆ ಮೂಲ ನಿಲ್ಲಿಸಿ, ಮಳೆಗಾಲಕ್ಕೆ ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ಸುತ್ತಲ ಬೋರ್‌ವೆಲ್ ನೀರು ಟೆಸ್ಟ್ ಮಾಡ್ತಾ ಹೋಗೋದೇ ದಾರಿ, ಅದು ಈಗ್ಲೂ ನಡೀತಿದೆ, ನಂಬರ್ ಇಳೀತಿದೆ.

2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆ ಅಂತಲೇ ನಿಯಮ ತಂದಿದೆ, ಹಾಳು ಮಾಡಿದೋರೇ ಖರ್ಚು ಕೊಡ್ಬೇಕು ಅಂತ, ಇನ್ಮೇಲೆ ಈ ಮಾತು ಎತ್ತೋಕೆ ಒಂದು ಆಧಾರ ಇದೆ. ನಿಮ್ಮ ಊರ ಹತ್ರ ಮದ್ದು ಸುಡ್ತಿದ್ದ ಹಳೇ ಕ್ವಾರಿ ಇದ್ರೆ ನೀರಿನ ಟೆಸ್ಟ್‌ಗೆ ಕೊಡುವಾಗ ಪರ್ಕ್ಲೋರೇಟ್ ಅಂತ ಹೆಸರು ಹಿಡಿದೇ ಕೇಳಿ. ಮಾಮೂಲಿ ಕುಡಿಯೋ ನೀರಿನ ಪ್ಯಾಕೇಜಲ್ಲಿ ಅದು ಬರಲ್ಲ.